‘ಬರ್ರಿ’ ಅಂದ್ರ ಬರಂಗಿಲ್ಲ, ‘ತರ್ರಿ’ ಅಂದ್ರ ಬರ್ತಾರ!

ಸಮ್ಮೇಳನಗಳ ಸುಗ್ಗಿ ಇದು. ಆಮಂತ್ರಣ ಮೊಬೈಲಿಗೆ ಬರುತ್ತದೆ, ಹೆಬ್ಬೆರಳಿನ ತುದಿಯಲ್ಲೇ ಸರಿದೂ ಹೋಗುತ್ತದೆ. ಪೆಂಡಾಲು ತುಂಬಿಸಲು ಆ್ಯಪ್, ಕ್ಯೂಆರ್ ಕೋಡ್, ವಾಯ್ಸ್ ನೋಟ್ ಎಲ್ಲ ಬಂದಿವೆ. ಆದರೆ ಜನರನ್ನು ತಿಂಗಳ ಮೊದಲೇ ಒಳಗೆಳೆದುಕೊಳ್ಳುವ ವಿದ್ಯೆ ಕೊಪ್ಪಳ ಸೀಮೆಯ ರೊಟ್ಟಿ ಟ್ರ್ಯಾಕ್ಟರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿದ್ದಂತಿಲ್ಲ.

ಅದೇ ಸೀಮೆಯ ಊರು ಅಳವಂಡಿ. ಜನವರಿಯ ಬೆಳಿಗ್ಗೆ ಎಂಟು ಗಂಟೆ. ಎರೆಹೊಲದ ಮೇಲಿಂದ ಬರುವ ಗಾಳಿಗೆ ಇನ್ನೂ ಥಂಡಿ ಇತ್ತು. ಕೊಪ್ಪಳದ ಬಸ್ಸಿಗೆ ಕಾಯುತ್ತ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ಹಿರಿಯರೊಬ್ಬರು ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದಿದ್ದರು. ಅವರ ಮೊಬೈಲ್ ‘ಟಿಂಗ್’ ಅಂತು. ಮರುಕ್ಷಣ ನನ್ನ ಜೇಬಿನಲ್ಲೂ ‘ಟಿಂಗ್’.

ಇಬ್ಬರಿಗೂ ಬಂದದ್ದು ಒಂದೇ: ಎಲ್ಲೋ ನಡೆಯಲಿರುವ ಒಂದು ಸಮ್ಮೇಳನದ ಆಮಂತ್ರಣ. ಪಿಡಿಎಫ್, ಎಂಟು ಪುಟ.

ಅವರು ತೆರೆದರು. ಮೊದಲ ಪುಟದಲ್ಲಿ ವೃತ್ತಾಕಾರದ ಮುಖಗಳು, ಗೋಡೆಗೆ ತಟ್ಟಿದ ಕುಳ್ಳಿನ ಹಾಗೆ ಸಾಲುಸಾಲು. ಎರಡನೇ ಪುಟದಲ್ಲಿ ‘ಘನ ಉಪಸ್ಥಿತಿ’. ಮೂರನೇ ಪುಟದಲ್ಲೂ ‘ಘನ ಉಪಸ್ಥಿತಿ’ಯೇ. ಅಕ್ಷರಗಳು ಸಾಸಿವೆ ಕಾಳಿನಷ್ಟು. ಎರಡು ಬೆರಳಿನಿಂದ ಹಿಗ್ಗಿಸಿದರು, ಆ ಕಡೆ ಎಳೆದರು, ಈ ಕಡೆ ಎಳೆದರು, ಸಾಕಾಗಿ ನನ್ನ ಕಡೆ ಫೋನು ಚಾಚಿದರು.

“ಊಟ ಎಲ್ಲೈತಿ ಅಂತ ಬರದಾರೇನ್ ನೋಡ್ರಿ ಸರ.”

ಬರೆದಿರಲಿಲ್ಲ. ಅವರು ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ಸರಿಸಿದರು. ಕೆಳಗಿನಿಂದ ಯಾರದೋ ಹುಟ್ಟುಹಬ್ಬದ ಫೋಟೋ ಬಂತು. ಅಲ್ಲಿಗೆ ಆ ಸಮ್ಮೇಳನದ ಕತೆ ಮುಗಿಯಿತು.

ಅಷ್ಟರಲ್ಲಿ ಊರ ಒಳಗಿನಿಂದ ಹಲಗೆಯ ಸದ್ದು. ಒಂದು ಟ್ರ್ಯಾಕ್ಟರ್. ಎಂಜಿನ್ನಿಗೆ ಬಾಳೆಕಂಬ, ಮುಂದುಗಡೆ ಮಾವಿನ ತೋರಣ, ಹಿಂದಿನ ಟ್ರೇಲರಿನಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಗಂಟುಗಳ ನಡುವೆ ಹಾಡುತ್ತ ಕೂತ ಹೆಂಗಸರು. ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಟ ರೊಟ್ಟಿ. ಹಿರಿಯರು ಮೊಬೈಲ್ ಜೇಬಿಗಿಳಿಸಿ ಎದ್ದು ನಿಂತು ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, ಕೇಳದಿದ್ದರೂ ಹೇಳಿದರು:

“ಅದರಾಗ ನಮ್ಮ ಮನಿ ರೊಟ್ಟಿನೂ ಅದಾವ್ರಿ.”

ಜಾತ್ರೆಗೆ ಇನ್ನೂ ದಿನ ಇತ್ತು. ಅವರು ಆಗಲೇ ಜಾತ್ರೆಯಲ್ಲಿದ್ದರು.

ರೊಟ್ಟಿಯೇ ನೋಂದಣಿ

ಸಮ್ಮೇಳನ, ವಿಚಾರ ಸಂಕಿರಣ, ಸಮಾವೇಶ ನಡೆಸುವವರ ನಡುವೆ ಈಗೊಂದು ಮಾತು ಓಡಾಡುತ್ತಿದೆ: ಕಾರ್ಯಕ್ರಮ ಶುರುವಾಗುವುದು ವೇದಿಕೆಯ ದೀಪ ಹಚ್ಚಿದಾಗ ಅಲ್ಲ, ಅದಕ್ಕೂ ವಾರಗಳ ಮೊದಲು, ಬರುವವರ ಮೊಬೈಲಿನಲ್ಲಿ. ಅದಕ್ಕೆಂದೇ ಕಂಪನಿಗಳಿವೆ, ಆ್ಯಪ್‌ಗಳಿವೆ, ತಿಂಗಳ ಸಂಬಳದ ಹುಡುಗರಿದ್ದಾರೆ. ದಿನಕ್ಕೊಂದು ಪೋಸ್ಟರ್, ‘ಇನ್ನು ಐದೇ ದಿನ’ ಎಂಬ ಎಣಿಕೆ, ಮೂವತ್ತು ಸೆಕೆಂಡಿನ ರೀಲ್ಸು.

ಇವೆಲ್ಲ ಹೇಳುವುದು ಒಂದೇ ಮಾತು: ಬನ್ನಿ, ಬನ್ನಿ, ಬನ್ನಿ.

ಗವಿಮಠದ ಜಾತ್ರೆ ಹಾಗೆ ಕರೆಯುವುದಿಲ್ಲ. ಬನದ ಹುಣ್ಣಿಮೆ ಕಳೆದು, ಪುಷ್ಯ ಬಹುಳ ಬಿದಿಗೆಗೆ ಗವಿಸಿದ್ಧೇಶ್ವರನ ತೇರು. ಅದಕ್ಕೂ ವಾರಗಳ ಮೊದಲೇ ಸುತ್ತಲ ಹಳ್ಳಿಗಳಲ್ಲಿ ಹಂಚು ಒಲೆಗೇರುತ್ತದೆ. ಒಂದು ಓಣಿಯ ಹೆಂಗಸರು ಒಂದು ಮನೆಯ ಪಡಸಾಲೆಯಲ್ಲಿ ಕೂಡುತ್ತಾರೆ. ಒಬ್ಬಳು ಹಿಟ್ಟು ನಾದಿದರೆ ಒಬ್ಬಳು ಬಡಿಯುತ್ತಾಳೆ, ಒಬ್ಬಳು ಬೇಯಿಸುತ್ತಾಳೆ, ಸಣ್ಣ ಹುಡುಗಿ ಎಣಿಸುತ್ತಾಳೆ. ತಟತಟ ಸದ್ದಿಗೆ ತಕ್ಕಂತೆ ಮಾತು. ಬಿಸಿ ರೊಟ್ಟಿ ಆರಿ ಖಡಕ್ ಆದ ಮೇಲೆ ಬಟ್ಟೆಯಲ್ಲಿ ಕಟ್ಟಿ, ಟ್ರ್ಯಾಕ್ಟರಿಗೆ ಹೇರಿ, ಭಜನೆ ಹಾಡುತ್ತ ಕಳಿಸುತ್ತಾರೆ. ಮಹಾದಾಸೋಹಕ್ಕೆ ಹೀಗೆ ಬಂದು ಬೀಳುವ ರೊಟ್ಟಿ ಲಕ್ಷದ ಲೆಕ್ಕದಲ್ಲಿ. ಜೋಳ, ಕಾಯಿಪಲ್ಲೆ, ಮಾದಲಿ, ಕಟ್ಟಿಗೆ ಬೇರೆ.

ಮಠಕ್ಕೆ ರೊಟ್ಟಿ ಸಿಕ್ಕಿತು ಅನ್ನುವುದು ಈ ಲೆಕ್ಕದ ಅರ್ಧ ಮಾತ್ರ. ಇನ್ನರ್ಧ ಇಲ್ಲಿದೆ: ಹತ್ತು ರೊಟ್ಟಿ ಕೊಟ್ಟ ಮನೆಯಿಂದ ನಾಲ್ಕು ಜನ ತೇರಿಗೆ ಬರದೆ ಇರುವುದಿಲ್ಲ. ತಮ್ಮ ರೊಟ್ಟಿ ಯಾರ ಎಲೆಗೆ ಬಿತ್ತೋ ನೋಡಬೇಡವೇ? ಅವರಿಗೆ ಆಮಂತ್ರಣ ಪತ್ರಿಕೆ ಮುಟ್ಟಿತೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆ ಹಂಚಿನ ಮುಂದೆಯೇ ಅವರ ನೋಂದಣಿ ಆಗಿದೆ.

ಮಠದವರು ಇದಕ್ಕೆ ಇನ್ನೊಂದು ಎಳೆ ಸೇರಿಸಿದ್ದಾರೆ. ತೇರಿಗೆ ಮೊದಲು ಪ್ರತಿ ವರ್ಷ ಒಂದು ವಿಷಯ ಹಿಡಿದು ಕೊಪ್ಪಳದ ಬೀದಿಯಲ್ಲಿ ಜಾಗೃತಿ ಜಾಥಾ. 2019ರಲ್ಲಿ ನೇತ್ರದಾನದ ‘ಕೃಪಾದೃಷ್ಟಿ’, 2020ರಲ್ಲಿ ‘ಲಕ್ಷ ವೃಕ್ಷೋತ್ಸವ’, 2024ರಲ್ಲಿ ‘ಕಾಯಕ ದೇವೋಭವ’. ಸಾವಿರಾರು ಶಾಲಾ ಮಕ್ಕಳು ನಡೆಯುತ್ತಾರೆ. ಮಗು ನಡೆದರೆ ಮನೆಯಲ್ಲಿ ಮಾತು ಶುರುವಾಗುತ್ತದೆ. ಕಣ್ಣು ಕೊಡುತ್ತೇನೆಂದು ಬರೆದುಕೊಟ್ಟು ಬಂದವನು ಆ ವರ್ಷದ ಜಾತ್ರೆಯನ್ನು ಬೇರೆಯದೇ ಕಣ್ಣಿನಿಂದ ನೋಡುತ್ತಾನೆ.

ಕೊಡುವುದು, ಬರೆಯುವುದು, ನಡೆಯುವುದು. ಮೂರೂ ಮಾಡುವ ಕೆಲಸಗಳು. ಬರುವವನಿಂದ ಏನನ್ನಾದರೂ ಮೊದಲೇ ಪಡೆದುಕೊಳ್ಳುವ ಹಿಕಮತ್ತು ಇದು. ನಮ್ಮ ಊರುಗಳಲ್ಲಿ ಇದಕ್ಕೆ ‘ಪಟ್ಟಿ ಎತ್ತೋದು’ ಅನ್ನುತ್ತಾರೆ. ಮನೆಗೆ ಇಷ್ಟು ಅಂತ ಪಟ್ಟಿ ಹಾಕಿ ಜಾತ್ರೆ ಮಾಡುವ ಊರಲ್ಲಿ, ಪಟ್ಟಿ ಕೊಟ್ಟವನು ದೊಡ್ಡಾಟ ಸರಿಯಿಲ್ಲ ಅಂತ ಬೈಯುವುದಕ್ಕಾದರೂ ಬಂದು ಮುಂದಿನ ಸಾಲಿನಲ್ಲಿ ಕೂತಿರುತ್ತಾನೆ.

ಡಂಗುರ ಹೊಡೆಯುವಂತಿಲ್ಲದ ಕಾಲ

ಅಳವಂಡಿಗೆ ಜನ ಕೂಡಿಸುವ ಇನ್ನೊಂದು ಚರಿತ್ರೆಯೂ ಇದೆ. 1947–48ರ ಮಾತು. ಅಳವಂಡಿ ಆಗ ನಿಜಾಮನ ರಾಜ್ಯ. ಪಶ್ಚಿಮಕ್ಕೆ ಹೊರಟರೆ ಸಿಗುವ ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಗಡಿ ದಾಟಿದರೆ ಸ್ವತಂತ್ರ ಭಾರತ. ಆ ಮುಂಡರಗಿಯಲ್ಲಿ ನಡೆದ ಹೈದರಾಬಾದ್ ವಿಮೋಚನಾ ಶಿಬಿರದ ಮುಂದಾಳು ಇದೇ ಊರಿನ ಶಿವಮೂರ್ತಿ ಸ್ವಾಮಿ. ಅಳವಂಡಿ ಶಿವಮೂರ್ತಿ ಸ್ವಾಮಿ ಎಂದೇ ನಾಡು ಅವರನ್ನು ಕರೆಯಿತು. 1952ರ ಮೊದಲ ಲೋಕಸಭೆಗೆ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದವರು, 1962ರಲ್ಲಿ ಕೊಪ್ಪಳದಿಂದ ಲೋಕಸೇವಕ ಸಂಘದ ಹೆಸರಿನಲ್ಲಿ ಮತ್ತೆ ಗೆದ್ದವರು.

ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ಕಾಲದಲ್ಲಿ ಶಿಬಿರಕ್ಕೆ ಜನ ಸೇರಿಸುವುದೆಂದರೆ ಕರಪತ್ರ ಹಂಚಿ, ಡಂಗುರ ಹೊಡೆದು ಮಾಡುವ ಕೆಲಸವಲ್ಲ. ಯಾರು ಯಾರನ್ನು ಕರೆದರು ಎನ್ನುವುದರ ಮೇಲೆ ಜೀವ ನಿಂತಿತ್ತು. ಸುದ್ದಿ ಹೋಗುವುದು ನಂಬಿಕೆಯವನಿಂದ ನಂಬಿಕೆಯವನಿಗೆ ಮಾತ್ರ. ಇದನ್ನು ಇಲ್ಲಿ ಎತ್ತಲು ಕಾರಣವಿದೆ. ವಾಟ್ಸ್‌ಆ್ಯಪ್‌ನಲ್ಲಿ ಇನ್ನೂರು ಗುಂಪಿಗೆ ಆಮಂತ್ರಣ ಹಾಕಿ ಕೈ ತೊಳೆದುಕೊಳ್ಳುವ ನಮ್ಮ ಸಂಚಾಲಕರಿಗೆ, ಕರೆಯುವ ಬಾಯಿ ಯಾರದು ಅನ್ನುವುದೇ ಮರೆತು ಹೋಗಿದೆ. ಗುಂಪಿಗೆ ಬಂದ ಆಮಂತ್ರಣ ಯಾರಿಗೂ ಬಂದದ್ದಲ್ಲ. ಎಲೆ ಅಡಿಕೆ ಕೊಟ್ಟು ಕರೆದ ಮದುವೆಗೂ ಮೈಕಿನಲ್ಲಿ ಕೂಗಿದ ಮದುವೆಗೂ ವ್ಯತ್ಯಾಸ ಈ ಕಡೆಯ ಎಳೆ ಮಗುವಿಗೂ ಗೊತ್ತು.

> ವಾಟ್ಸ್‌ಆ್ಯಪ್ ಕರೆ ಎಷ್ಟು ದೂರ ಮುಟ್ಟುತ್ತದೆ?
>
> ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಕಾಲಕ್ಕೆ 256 ಜನ ಮಿತಿ. 2022ರಲ್ಲಿ 512, ಅದೇ ವರ್ಷ 1,024 ಆಯಿತು.
>
> ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಗುರುತಿಲ್ಲದವರ ಮನೆಗೆ ಇದರಲ್ಲೂ ಪ್ರವೇಶವಿಲ್ಲ.
>
> ಒಂದೇ ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದ ಹಾಗೆ ಭಾರತದಲ್ಲಿ ಕಡಿವಾಣ ಬಿದ್ದದ್ದು 2018ರಲ್ಲಿ. ಬಹಳ ಕೈ ದಾಟಿ ಬಂದ ಸಂದೇಶವನ್ನು ಒಂದು ಕಡೆಗೆ ಮಾತ್ರ ಕಳಿಸಬಹುದು ಎಂಬ ನಿಯಮ 2020ರದು.

ಪೋಸ್ಟ್ ಕಾರ್ಡಿನಿಂದ ಆ್ಯಪ್‌ವರೆಗೆ

ಕೊಪ್ಪಳ ಸೀಮೆ ಎರಡು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳನ್ನು ಕಂಡಿದೆ. 1993ರಲ್ಲಿ ಕೊಪ್ಪಳದಲ್ಲಿ 62ನೆಯದು, ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆ. 2011ರ ಡಿಸೆಂಬರಿನಲ್ಲಿ ಗಂಗಾವತಿಯಲ್ಲಿ 78ನೆಯದು, ಸಿ.ಪಿ. ಕೃಷ್ಣಕುಮಾರ್ ಅಧ್ಯಕ್ಷತೆ. ನಡುವೆ ಹದಿನೆಂಟು ವರ್ಷ. ಆ ಹದಿನೆಂಟು ವರ್ಷದಲ್ಲಿ ಕರೆಯುವ ಬಗೆ ಎಷ್ಟು ಬದಲಾಯಿತು ಎಂದು ನೆನೆದರೆ ನಗು ಬರುತ್ತದೆ.

1993ರಲ್ಲಿ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ದೇಶದಲ್ಲಿ ಮೊಬೈಲ್ ಕರೆಯೇ ಇರಲಿಲ್ಲ. ಮೊದಲ ಕರೆ ಕೋಲ್ಕತ್ತದಿಂದ ದೆಹಲಿಗೆ ಹೋದದ್ದು 1995ರ ಜುಲೈ 31ರಂದು. ಎಸ್‌ಟಿಡಿ ಬೂತಿನ ಕೆಂಪು ಅಂಕಿ ಓಡುವ ಮೀಟರು, ಪೋಸ್ಟ್ ಕಾರ್ಡು, ಇನ್‌ಲ್ಯಾಂಡ್ ಪತ್ರ, ಪತ್ರಿಕೆಯ ಸುದ್ದಿ, ಆಕಾಶವಾಣಿ. ಕವಿಗೋಷ್ಠಿಗೆ ಕರೆ ಬಂದ ಕವಿ ‘ಬರುತ್ತೇನೆ’ ಎಂದು ಕಾರ್ಡು ಬರೆದು ಹಾಕಬೇಕು. ಆ ಕಾರ್ಡು ಬರೆದವನು ಬಂದ. ಕಾರ್ಡು ಬರೆಯುವ ಕಷ್ಟವೇ ಒಂದು ವಚನಬದ್ಧತೆ. ಇಂದಿನ ಹೆಬ್ಬೆರಳ ಗುರುತಿಗೆ ಆ ತೂಕವಿಲ್ಲ.

2011ಕ್ಕೆ ಬನ್ನಿ. ಆಗ ಕೈಯಲ್ಲಿದ್ದ ಆಯುಧ ಎಸ್‌ಎಂಎಸ್. ಆದರೆ ಕಾಟದ ಸಂದೇಶಗಳಿಗೆ ಲಗಾಮು ಹಾಕಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಆ ವರ್ಷದ ಸೆಪ್ಟೆಂಬರ್ ಕೊನೆಗೆ ಒಂದು ಸಿಮ್‌ನಿಂದ ದಿನಕ್ಕೆ 100 ಎಸ್‌ಎಂಎಸ್ ಎಂದು ಗೆರೆ ಎಳೆದಿತ್ತು. ನವೆಂಬರಿನಲ್ಲಿ ಅದು 200 ಆಯಿತು. ಗಂಗಾವತಿಯ ಸಮ್ಮೇಳನ ನಡೆದದ್ದು ಆ 200ರ ಬೇಲಿಯೊಳಗೆ. ಒಂದು ತಿಂಗಳಲ್ಲಿ ಒಂದು ಸಿಮ್ ಹೆಚ್ಚೆಂದರೆ ಆರು ಸಾವಿರ ಸಂದೇಶ ಹೊರಡಿಸಬಹುದು. ಲಕ್ಷ ಜನರ ಹಬ್ಬಕ್ಕೆ ಅದು ಯಾವ ಮೂಲೆಗೆ? ಹಾಗಾಗಿ ಮೈಕು ಕಟ್ಟಿದ ಆಟೊ, ಗೋಡೆ ಬರಹ, ಬಸ್ಸಿನ ಹಿಂಬದಿಯ ಪೋಸ್ಟರ್‌ಗಳ ಕೆಲಸ ಇನ್ನೂ ಉಳಿದಿತ್ತು.

2023ರ ಜನವರಿಯಲ್ಲಿ ಹಾವೇರಿಯ 86ನೇ ಸಮ್ಮೇಳನದ ಹೊತ್ತಿಗೆ ಪ್ರತಿನಿಧಿ ನೋಂದಣಿ ಮೊಬೈಲ್ ಆ್ಯಪ್‌ಗೆ ಬಂತು. ಇನ್ನೊಂದು ಕಡೆ ಉತ್ತರ ಕನ್ನಡದ ಭುವನಗಿರಿಯಿಂದ ಹೊರಟ ಕನ್ನಡ ರಥ ಊರೂರು ಸುತ್ತಿತು. ಆ್ಯಪ್ ಮತ್ತು ರಥ ಜೊತೆಜೊತೆಗೆ! ನನ್ನ ಕಣ್ಣಿಗೆ ರಥವೇ ಹೆಚ್ಚು ಚುರುಕಾದ ತಂತ್ರಜ್ಞಾನ. ಅದು ಬಂದ ಊರಿನವರು ಆರತಿ ಎತ್ತಬೇಕು, ಡೊಳ್ಳು ಹೊಡೆಯಬೇಕು, ಶಾಲೆ ಬಿಟ್ಟು ಮಕ್ಕಳು ಬರಬೇಕು. ಆ್ಯಪ್ ಕೇಳಿದ್ದು ಹೆಸರು, ವಿಳಾಸ, ಶುಲ್ಕ.

ಕರೆಯದಿದ್ದರೂ ಬಂದ ಮಾತು

ಇಲ್ಲೊಂದು ತಮಾಷೆ ಇದೆ. ಸಂಘಟಕರು ‘ಜನರನ್ನು ತೊಡಗಿಸಿಕೊಳ್ಳೋಣ’ ಎಂದು ಯೋಚಿಸುವಷ್ಟರಲ್ಲಿ ಜನ ತಾವೇ ತೊಡಗಿಕೊಂಡುಬಿಡುತ್ತಾರೆ. ಅದು ಸಂಘಟಕರಿಗೆ ಬೇಕಾದ ರೀತಿಯಲ್ಲಿ ಇರುವುದಿಲ್ಲ.

ಹಾವೇರಿ ಸಮ್ಮೇಳನದ ಆಮಂತ್ರಣ ಮೊಬೈಲುಗಳಿಗೆ ಹರಿದದ್ದೇ ತಡ, ಓದುಗರು ಹೆಸರು ಎಣಿಸಲು ಕೂತರು. ಗೋಷ್ಠಿಗಳಲ್ಲಿ ಮುಸ್ಲಿಂ ಲೇಖಕರಿಗೆ ಸಿಕ್ಕ ಜಾಗ ಎಷ್ಟು ಎಂಬ ಪ್ರಶ್ನೆ ಎದ್ದಿತು. ವಿದ್ವಾಂಸ ಪುರುಷೋತ್ತಮ ಬಿಳಿಮಲೆ ಮೊದಲಾದವರು ದನಿ ಎತ್ತಿದರು, ಸಾಮಾಜಿಕ ಜಾಲತಾಣಗಳಲ್ಲಿ ಅದು ಬೆಳೆಯಿತು. ಕೆಲವೇ ವಾರಗಳಲ್ಲಿ ಪರ್ಯಾಯ ಸಮ್ಮೇಳನವೇ ರೂಪುಗೊಂಡು, ಹಾವೇರಿಯ ಕೊನೆಯ ದಿನವಾದ ಜನವರಿ 8ರಂದೇ ಬೆಂಗಳೂರಿನಲ್ಲಿ ‘ಜನ ಸಾಹಿತ್ಯ ಸಮ್ಮೇಳನ’ ನಡೆಯಿತು. ಒಂದು ಪಿಡಿಎಫ್ ಎರಡು ಸಮ್ಮೇಳನ ಹಡೆಯಿತು ಅಂದರೂ ನಡೆದೀತು.

2024ರ ಡಿಸೆಂಬರಿನಲ್ಲಿ ಮಂಡ್ಯದ 87ನೇ ಸಮ್ಮೇಳನದ ಕತೆ ಇನ್ನೂ ರುಚಿಯಾದದ್ದು. ಊಟದ ಮನೆಯಲ್ಲಿ ಬಾಡೂಟ ಏಕಿಲ್ಲ ಎಂಬ ಪ್ರಶ್ನೆ ಮೊಬೈಲುಗಳಲ್ಲಿ ಹೊತ್ತಿಕೊಂಡಿತು. ಮನೆಗೊಂದು ಕೋಳಿ ಊರಿಗೊಂದು ಕುರಿ ಕೂಡಿಸುವ ಮಾತೂ ಬಂತು. ಕೊನೆಯ ದಿನ ಊಟಕ್ಕೆ ಮೊಟ್ಟೆ ಬಂತು. ಗೋ.ರು. ಚನ್ನಬಸಪ್ಪನವರ ಅಧ್ಯಕ್ಷ ಭಾಷಣದಷ್ಟೇ ಆ ಮೊಟ್ಟೆಯೂ ಸುದ್ದಿಯಾಯಿತು.

ಇದನ್ನು ಗದ್ದಲ ಎಂದು ಬದಿಗೆ ಸರಿಸಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಳವಂಡಿಯ ಚಹಾ ಅಂಗಡಿಯ ಹಿರಿಯರು ಎಂಟು ಪುಟದಲ್ಲಿ ಹುಡುಕಿದ್ದೂ ಅದನ್ನೇ ಅಲ್ಲವೇ? ಊಟ ಎಲ್ಲಿ, ಯಾರದು, ನಮ್ಮದೂ ಅದರಲ್ಲಿದೆಯೇ? ಮಂಡ್ಯದವರು ‘ಮನೆಗೊಂದು ಕೋಳಿ’ ಅಂದದ್ದು ನಮ್ಮವರು ‘ಮನೆಗಿಷ್ಟು ರೊಟ್ಟಿ’ ಅಂದ ಮಾತಿನದೇ ಇನ್ನೊಂದು ರೂಪ. ಬರುತ್ತೇವೆ, ತರುತ್ತೇವೆ, ಎಲೆಯಲ್ಲಿ ನಮ್ಮ ಪಾಲಿರಲಿ.

ಎರಡು ನೂರು ಹೆಸರು, ಎಪ್ಪತ್ತು ಚಪ್ಪಲಿ

ನನ್ನದೇ ಒಂದು ಫಜೀತಿ ಹೇಳುತ್ತೇನೆ. ಈ ಸೀಮೆಯ ಒಂದು ಊರಿನಲ್ಲಿ (ಹೆಸರು ಬೇಡ, ಅವರು ಈಗಲೂ ಎದುರು ಸಿಗುತ್ತಾರೆ) ಒಕ್ಕಲುತನದ ಮಾತುಗಳ ಮೇಲೆ ಒಂದು ದಿನದ ಕೂಟ ಮಾಡಿದ್ದೆವು. ಗೂಗಲ್ ಫಾರ್ಮ್ ಮಾಡಿದವನು ನಾನೇ. ಬಹಳ ಹೆಮ್ಮೆಯಿಂದ ಮಾಡಿದ್ದೆ.

ಫಾರ್ಮ್‌ನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಪೆಟ್ಟಿಗೆ. ನಮ್ಮ ಕಡೆ ಮೊದಲ ಹೆಸರು ಯಾವುದು, ಕೊನೆಯದು ಯಾವುದು? ಒಬ್ಬರು ತಮ್ಮ ಹೆಸರು ಒಂದರಲ್ಲಿ, ಅಪ್ಪನ ಹೆಸರು ಇನ್ನೊಂದರಲ್ಲಿ ಹಾಕಿದರು. ಇನ್ನೊಬ್ಬರು ಊರ ಹೆಸರು ಹಾಕಿದರು. ಇ-ಮೇಲ್ ಕಡ್ಡಾಯ ಮಾಡಿದ್ದೆ. ಒಂದು ಹಳ್ಳಿಯ ಹನ್ನೊಂದು ಜನ ಒಂದೇ ಇ-ಮೇಲ್ ಕೊಟ್ಟಿದ್ದರು, ಅದು ಅಲ್ಲಿನ ಜೆರಾಕ್ಸ್ ಅಂಗಡಿಯವನದು. ಆದರೂ ಹೆಸರು ಇನ್ನೂರು ದಾಟಿತು. ಇನ್ನೂರು ಜನರ ಅಡುಗೆ ಹೇಳಿದೆವು.

ಆ ದಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎಣಿಸಿದರೆ ಎಪ್ಪತ್ತು ಜೊತೆ ಇರಲಿಲ್ಲ. ಸಂಜೆ ಪಕ್ಕದ ಹಾಸ್ಟೆಲಿನ ಹುಡುಗರು ಗೋಧಿ ಹುಗ್ಗಿಯನ್ನು ಬಕೆಟಿನಲ್ಲಿ ಹೊತ್ತೊಯ್ದರು. ಅವರಿಗಂತೂ ಆ ಕೂಟ ಬಹಳ ಯಶಸ್ವಿ.

ಮರುವರ್ಷ ಫಾರ್ಮ್ ಬಿಟ್ಟೆವು. ಒಂದು ನಂಬರ್ ಕೊಟ್ಟು ಒಂದೇ ಕೆಲಸ ಹೇಳಿದೆವು: ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುವ, ನಿಮಗೆ ಗೊತ್ತಿಲ್ಲದ ಒಂದು ಒಕ್ಕಲುತನದ ಮಾತನ್ನು ಅವರ ಬಾಯಿಂದಲೇ ಒಂದು ನಿಮಿಷ ಹೇಳಿಸಿ, ವಾಯ್ಸ್ ನೋಟ್ ಮಾಡಿ ಕಳಿಸಿ.

ಮೊದಲ ಮೂರು ದಿನ ಏನೂ ಇಲ್ಲ. ನಾಲ್ಕನೇ ದಿನ ರಾತ್ರಿ ಒಂದು ಬಂತು. ಹಿನ್ನೆಲೆಯಲ್ಲಿ ಎಮ್ಮೆ ಕೂಗು, ಟಿವಿ ಧಾರಾವಾಹಿಯ ಸಂಗೀತ, ಮೊಮ್ಮಗನ ದನಿ: “ಹೇಳಬೇ ಯಮ್ಮಾ, ಇದರಾಗ ಹೇಳು.” ಅಜ್ಜಿ ಮೊದಲು ಹತ್ತು ಸೆಕೆಂಡು ನಕ್ಕಳು. ಆಮೇಲೆ ಹಗೇವಿನ ಮಾತೆತ್ತಿದಳು. ಎರೆ ನೆಲದಲ್ಲಿ ತೋಡಿದ, ಒಳಗೆ ಕೊಡದ ಹಾಗೆ ಅಗಲವಾಗುವ ಕಾಳಿನ ಗುಂಡಿ. ಮೇಲೆ ಮುಚ್ಚಿದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವ ದಿನ ಬಾಯಿ ತೆರೆದೊಡನೆ ಯಾರೂ ಇಳಿಯಬಾರದು, ಒಳಗಿನ ಬಿಸಿ ಉಸಿರು ಹೋಗಲಿ ಎಂದು ಕಾಯಬೇಕು, ಲಾಟೀನು ಇಳಿಬಿಟ್ಟು ನೋಡಬೇಕು, ಅದು ಆರಿದರೆ ಇನ್ನೂ ಕಾಯಬೇಕು. ಒಂದು ನಿಮಿಷ ಅಂದದ್ದು ನಾಲ್ಕೂವರೆ ನಿಮಿಷ ಆಗಿತ್ತು. ಕೊನೆಗೆ ಅಜ್ಜಿ, “ಸಾಕಿನ್ನ, ಬಂದ್ ಮಾಡು” ಅಂದದ್ದೂ ಅದರಲ್ಲೇ ಇತ್ತು.

ಅದನ್ನು ಹಾಗೇ ಗುಂಪಿಗೆ ಹಾಕಿದೆವು. ಬೆಳಗಾಗುವಷ್ಟರಲ್ಲಿ ಎಡೆಕುಂಟೆ ಬಂತು, ಕೂರಿಗೆಯ ತಾಳು ಬಂತು, ಕಣದ ನಡುವಿನ ಮೇಟಿ ಬಂತು, ಹಂತಿ ಹೊಡೆಯುವಾಗಿನ ಹಾಡು ಬಂತು. ಇಬ್ಬರು ಹಿರಿಯರು ಒಂದೇ ಮಾತಿಗೆ ಎರಡು ಅರ್ಥ ಹೇಳಿ, ಇನ್ನೊಬ್ಬರದು ತಪ್ಪೆಂದು ವಾಯ್ಸ್ ನೋಟಿನಲ್ಲೇ ಜಗಳ ತೆಗೆದರು. ಆ ಜಗಳ ತೀರಿಸಲು ಕೂಟದಲ್ಲಿ ಅರ್ಧ ಗಂಟೆ ಇಟ್ಟೆವು. ಅಡುಗೆ ಈ ಸಲ ನೂರು ಜನರಿಗೆ ಹೇಳಿದ್ದೆವು, ಸಾಲಲಿಲ್ಲ. ಅಜ್ಜಿ ಬಂದಿದ್ದಳು. ಉದ್ಘಾಟನೆಗೆ ದೀಪದ ಬದಲು ಅವಳ ನಗುವಿನ ಹತ್ತು ಸೆಕೆಂಡು ಸ್ಪೀಕರಿನಲ್ಲಿ ಹಾಕಿದಾಗ ಸೆರಗು ಬಾಯಿಗೆ ಹಿಡಿದು ಕೂತಳು.

> ಮಿಸ್ಡ್ ಕಾಲ್ ಎಂಬ ಹಾಜರಿ
>
> ಓದು ಬಾರದವರಿಗೂ ಕರೆನ್ಸಿ ಇಲ್ಲದವರಿಗೂ ಬರುವ ಭಾಷೆ ಮಿಸ್ಡ್ ಕಾಲ್. ಇದನ್ನೇ ವ್ಯವಹಾರವಾಗಿಸಿದ ‘ಜಿಪ್‌ಡಯಲ್’ ಬೆಂಗಳೂರಿನಲ್ಲಿ 2010ರಲ್ಲಿ ಹುಟ್ಟಿತು. ಒಂದು ನಂಬರಿಗೆ ರಿಂಗ್ ಮಾಡಿ ಕಟ್ ಮಾಡಿದರೆ ಸಾಕು, ನೀವು ಲೆಕ್ಕಕ್ಕೆ ಸೇರಿದಿರಿ. ತಿರುಗಿ ಸಂದೇಶ ಬರುತ್ತದೆ. 2011ರಲ್ಲಿ ಅಣ್ಣಾ ಹಜಾರೆ ಚಳವಳಿಗೂ ಜನ ಮಿಸ್ಡ್ ಕಾಲ್ ಕೊಟ್ಟು ಬೆಂಬಲ ಸೂಚಿಸಿದ್ದರು. 2015ರ ಜನವರಿಯಲ್ಲಿ ಟ್ವಿಟರ್ ಜಿಪ್‌ಡಯಲ್ ಕಂಪನಿಯನ್ನು ಕೊಂಡುಕೊಂಡಿತು.
>
> ಕ್ಯೂಆರ್ ಕೋಡ್ ಹುಟ್ಟಿದ್ದು ಜಪಾನಿನಲ್ಲಿ, 1994ರಲ್ಲಿ, ಕಾರಿನ ಬಿಡಿಭಾಗ ಗುರುತಿಸಲು. ಕೊಪ್ಪಳದ ಸಂತೆಯಲ್ಲಿ ಈಗ ಬದನೆಕಾಯಿ ಗುಡ್ಡೆಯ ಮೇಲೂ ಅದು ಕೂತಿದೆ. ಹಾಗಾಗಿ ಕರಪತ್ರದ ಮೂಲೆಯಲ್ಲಿ ಹಾಕಿದರೆ ಯಾರೂ ಬೆದರುವುದಿಲ್ಲ.

ಚಹಾ ವಿರಾಮದ ಪಾಠ

ಜನರನ್ನು ಬರಿಸುವ, ತೊಡಗಿಸುವ ಈ ಕಷ್ಟ ಅಳವಂಡಿಯದೊಂದೇ ಅಲ್ಲ. ಅಮೆರಿಕದ ಹ್ಯಾರಿಸನ್ ಓವನ್ ಎಂಬಾತ 1983ರಲ್ಲಿ ವರ್ಷವಿಡೀ ತಲೆಕೆಡಿಸಿಕೊಂಡು ಒಂದು ದೊಡ್ಡ ಸಮ್ಮೇಳನ ನಡೆಸಿದ. ಮುಗಿದ ಮೇಲೆ ಬಂದವರೆಲ್ಲ ಹೇಳಿದ್ದು, ಕಾಫಿ ವಿರಾಮ ಬಹಳ ಚೆನ್ನಾಗಿತ್ತು ಅಂತ. ಅವನು ಮುಂಗೋಪಿಯಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದ. 1985ರಿಂದ ಕಾರ್ಯಕ್ರಮ ಪಟ್ಟಿಯೇ ಇಲ್ಲದ, ಬಂದವರೇ ವಿಷಯ ಬರೆದು ಗೋಡೆಗೆ ಅಂಟಿಸುವ ಸಭೆಗಳನ್ನು ಶುರು ಮಾಡಿದ. ಅದೇ ಗುಣದ ಬಾರ್‌ಕ್ಯಾಂಪ್‌ಗಳು 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಗಿ ಮರುವರ್ಷವೇ ಬೆಂಗಳೂರಿಗೂ ಬಂದವು. ಅಲ್ಲಿ ಬರುವವರು ಏನು ಮಾತಾಡುತ್ತೇವೆಂದು ಮೊದಲೇ ಅಂತರ್ಜಾಲದಲ್ಲಿ ಬರೆದಿಡುತ್ತಿದ್ದರು. ಕೇಳುಗನಾಗಿ ಬರುವವನು ಭಾಷಣಕಾರನಾಗಿಯೂ ಬರುತ್ತಿದ್ದ.

ಅಮೆರಿಕದ ಕನ್ನಡಿಗರು ಇದನ್ನು ಯಾವ ಪುಸ್ತಕ ಓದದೆ ಕಂಡುಕೊಂಡಿದ್ದಾರೆ. ಅವರ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ 2000ದಲ್ಲಿ ಹ್ಯೂಸ್ಟನ್ನಿನಲ್ಲಿ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಸಿತು. ಅಲ್ಲಿಗೆ ವಿಮಾನದಲ್ಲಿ, ರಜೆ ಹಾಕಿ, ಹೋಟೆಲ್ ಹಿಡಿದು ಬರಬೇಕು. ಬರಿಸುವುದು ಹೇಗೆ? ಊರೂರಿನ ಕನ್ನಡ ಕೂಟಗಳಿಗೆ ಒಂದೊಂದು ನೃತ್ಯ, ನಾಟಕ, ಹಾಡು. ಮಗಳು ಕುಣಿಯುವುದಾದರೆ ಅಪ್ಪ, ಅಮ್ಮ, ಊರಿಂದ ಬಂದ ಅಜ್ಜ ಅಜ್ಜಿಯೆಲ್ಲ ಬರಲೇಬೇಕು. ತಿಂಗಳುಗಟ್ಟಲೆಯ ತಾಲೀಮು, ಈಚೆಗೆ ವಿಡಿಯೊ ಕರೆಯಲ್ಲಿ. ದೊಡ್ಡಾಟದ ತಾಲೀಮು ಮಾಡುವ ಯಲಬುರ್ಗಿ ಕಡೆಯ ಹಳ್ಳಿಯವನಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ.

ಈಗ ಪೇಟೆಯ ದೊಡ್ಡ ಸಭೆಗಳಲ್ಲಿ ಮೊಬೈಲಿನಿಂದಲೇ ಪ್ರಶ್ನೆ ಕೇಳುವ, ಮತ ಹಾಕುವ ಉಪಕರಣಗಳಿವೆ. ಸ್ಲೋವಾಕಿಯಾದಲ್ಲಿ ಹುಟ್ಟಿದ ಸ್ಲೈಡೊ, ಸ್ವೀಡನ್ನಿನ ಮೆಂಟಿಮೀಟರ್ ಅಂಥವು. ಚೆನ್ನಾಗಿವೆ. ಆದರೆ ನಮ್ಮ ಕಡೆ ಅಷ್ಟು ದೂರ ಹೋಗಬೇಕಿಲ್ಲ. ವಾಟ್ಸ್‌ಆ್ಯಪ್‌ನ ಪೋಲ್ ಒಂದೇ ಸಾಕು: ಮಧ್ಯಾಹ್ನದ ಗೋಷ್ಠಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ನೀರಿನ ಬಗ್ಗೆ ಇರಲೋ, ಕಿನ್ನಾಳ ಕಲೆಯ ಬಣ್ಣದ ಬಗ್ಗೆ ಇರಲೋ? ಗಂಗಾವತಿ, ಕಾರಟಗಿಯ ಭತ್ತದವರು ಮೊದಲನೆಯದಕ್ಕೆ ಬೆರಳೊತ್ತುತ್ತಾರೆ. ಕುಷ್ಟಗಿಯ ಒಣಭೂಮಿಯವರು ‘ನಮಗ ಕಾಲುವೇನೇ ಇಲ್ಲಲ್ರೀ’ ಅಂತ ಬರೆಯುತ್ತಾರೆ. ಗೋಷ್ಠಿಯ ನಿಜವಾದ ವಿಷಯ ಆ ಸಾಲಿನಲ್ಲೇ ಸಿಕ್ಕಿರುತ್ತದೆ. ಸ್ವಾಗತ ಸಮಿತಿಯ ಕೋಣೆಯಲ್ಲಿ ನಾಲ್ಕು ಸಭೆ ಮಾಡಿದರೂ ಅದು ಸಿಗುತ್ತಿರಲಿಲ್ಲ.

ಕೇಳಿದ ಮೇಲೆ ಮಾತ್ರ ಕೇಳಿಸಿಕೊಳ್ಳಬೇಕು. ಮತ ಹಾಕಿಸಿ, ಗೋಷ್ಠಿಯನ್ನು ಮೊದಲೇ ಗೊತ್ತುಮಾಡಿದಂತೆ ನಡೆಸಿದವರನ್ನು ನಾನು ನೋಡಿದ್ದೇನೆ. ಅವರ ಮುಂದಿನ ಪೋಲ್‌ಗೆ ಬಿದ್ದ ಮತ ಮೂರು. ಅದರಲ್ಲಿ ಎರಡು ಅವರದೇ ಮನೆಯವು.

ಬಸ್ ಎಲ್ಲಿ ನಿಲ್ತೈತಿ?

ಇನ್ನು ಕೆಲವು ಸಣ್ಣ ಸಂಗತಿಗಳು. ಸಣ್ಣವು ಅಂದೆ, ಆದರೆ ಪೆಂಡಾಲು ತುಂಬುವುದೂ ಖಾಲಿ ಉಳಿಯುವುದೂ ಇವುಗಳ ಮೇಲೆಯೇ.

ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಬಹುತೇಕ ಗಂಡಸಿನ ಜೇಬಿನಲ್ಲಿ ಅಥವಾ ಕಾಲೇಜಿಗೆ ಹೋಗುವ ಮಗನ ಕೈಯಲ್ಲಿ. ಅವ್ವನಿಗೆ ಬಂದ ಸಂದೇಶ ಅವ್ವನಿಗೆ ಮುಟ್ಟುವುದು ರಾತ್ರಿ ಊಟದ ಹೊತ್ತಿಗೆ, ಅದೂ ಮಗನಿಗೆ ನೆನಪಾದರೆ. ಹೆಂಗಸರ ಗೋಷ್ಠಿಗೆ ಹೆಂಗಸರೇ ಬರಬೇಕೆಂದರೆ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಆ ವಾಯ್ಸ್ ನೋಟ್ ಕೇಳಿಸಬೇಕು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬರುವ ಖರ್ಚಿನ ತಡೆ ಹೋಗಿದೆ. ಉಳಿದದ್ದು ಯಾವ ಬಸ್, ಎಲ್ಲಿ ಇಳಿಯಬೇಕು, ತಿರುಗಿ ಹೋಗುವ ಕೊನೆಯ ಬಸ್ ಎಷ್ಟಕ್ಕೆ ಎಂಬುದು. ಆಮಂತ್ರಣದ ಎಂಟು ಪುಟದಲ್ಲಿ ಇದಕ್ಕೊಂದು ಗೆರೆ ಇರುವುದಿಲ್ಲ. ‘ಘನ ಉಪಸ್ಥಿತಿ’ಗೆ ಎರಡು ಪುಟ.

ಲೊಕೇಶನ್ ಪಿನ್ ಕಳಿಸುವವರು ಒಮ್ಮೆ ಅದನ್ನು ಹಿಡಿದು ತಾವೇ ನಡೆದು ನೋಡಬೇಕು. ಎಷ್ಟೋ ಸಲ ಆ ಪಿನ್ ಯಾರದೋ ಕಡಲೆ ಹೊಲದ ನಡುವೆ ನಿಂತಿರುತ್ತದೆ.

ಕೀಪ್ಯಾಡ್ ಫೋನಿನವರನ್ನು ಮರೆತರೆ ಅರ್ಧ ಊರನ್ನು ಬಿಟ್ಟಂತೆ. ಅವರಿಗೆ ಒಂದು ಸಾಲಿನ ಕನ್ನಡ ಎಸ್‌ಎಂಎಸ್, ಒಂದು ಮಿಸ್ಡ್ ಕಾಲ್ ನಂಬರ್. ಹಳೆಯ ಹ್ಯಾಂಡ್‌ಸೆಟ್ಟುಗಳಲ್ಲಿ ಕನ್ನಡ ಅಕ್ಷರದ ಬದಲು ಚೌಕ ಚೌಕ ಪೆಟ್ಟಿಗೆ ಕಾಣುವುದೂ ಉಂಟು. ಅಂಥವರಿಗೆ ಹಳೆಯ ಮೈಕಿನ ಆಟೊವೇ ಗತಿ. ಆಟೊದ ಮೈಕಿಗೆ ಈಗ ಪೆನ್‌ಡ್ರೈವ್ ಬಂದಿದೆ, ಕೂಗುವವನ ಗಂಟಲು ಉಳಿದಿದೆ.

ಇನ್ನು ನಂಬರ್ ಪಡೆದವರ ನೀತಿ. ಸಮ್ಮೇಳನಕ್ಕೆಂದು ಬರೆಸಿದ ಫೋನ್ ನಂಬರಿಗೆ ಮರುತಿಂಗಳು ಬೀಜದ ಜಾಹೀರಾತು, ಆರು ತಿಂಗಳಿಗೆ ಚುನಾವಣೆಯ ಕರೆ ಬಂದರೆ ಆ ಮನುಷ್ಯ ಇನ್ಯಾವ ಫಾರ್ಮ್‌ನಲ್ಲೂ ನಿಜ ನಂಬರ್ ಬರೆಯುವುದಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು ದೆಹಲಿಯಲ್ಲಿ. ಅಳವಂಡಿಯಲ್ಲಿ ಅದಕ್ಕೂ ಮೊದಲಿನಿಂದ ಇರುವ ಕಾಯ್ದೆ ಎಂದರೆ, ಪಟ್ಟಿ ಎತ್ತಿದ ದುಡ್ಡಿನ ಲೆಕ್ಕವನ್ನು ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಕೂತು ಓದಬೇಕು. ಓದದವನ ಕೈಗೆ ಮರುವರ್ಷ ಪಟ್ಟಿ ಸಿಗುವುದಿಲ್ಲ.

*

ಬಸ್ ಬಂತು. ಹತ್ತುವ ಮೊದಲು ಆ ಹಿರಿಯರು ನನ್ನ ನಂಬರ್ ಕೇಳಿ, ಅಲ್ಲೇ ನಿಂತು ಸೇವ್ ಮಾಡಿಕೊಂಡರು. ‘ಚಾದಂಗಡಿ ಸರ’ ಎಂದು.

ಕೊಪ್ಪಳದಲ್ಲಿ ಇಳಿದು ಕೆಲಸ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಮೊಬೈಲಿನಲ್ಲಿ ಅವರದೊಂದು ವಾಯ್ಸ್ ನೋಟ್ ಇತ್ತು. ಹಿಂದೆ ಅಂಗಡಿಯ ಬಾಣಲೆಯ ಸದ್ದು. “ಸರ, ಮಠದ ಕಡೆ ಹೊಕ್ಕೀರೇನ್ರಿ? ನಮ್ಮ ರೊಟ್ಟಿ ಮುಟ್ಟಿದಾವೇನ್ ನೋಡಿ ಒಂದ್ ಫೋಟೋ ಹಾಕ್ರಿ.”

ಹೋದೆ. ದಾಸೋಹದ ಕೋಣೆಯಲ್ಲಿ ರೊಟ್ಟಿಯ ಒಟ್ಟಿಲು ಎದೆಯೆತ್ತರ ಏರಿತ್ತು. ಇನ್ನೂ ಎರಡು ಟ್ರ್ಯಾಕ್ಟರ್ ಹೊರಗೆ ಇಳಿಸುತ್ತಿದ್ದವು. ಬಿಳಿ ಜೋಳದವು, ಅಂಚು ಸೀದವು, ಎಳ್ಳು ಹಚ್ಚಿದವು. ಯಾವ ಊರಿನವು ಯಾವುವೋ ಹೇಳುವ ಬಗೆಯೇ ಇರಲಿಲ್ಲ. ಒಂದು ಫೋಟೋ ಹೊಡೆದು ಕಳಿಸಿದೆ.

ಮೊಬೈಲ್ ಜೇಬಿಗೆ ಇಳಿಸುವ ಮೊದಲೇ ಎರಡೂ ಗೆರೆ ನೀಲಿಯಾದವು.